ಪ್ರೊಸೆಸರಿನ ವೋಲ್ಟೇಜ್ ಇಳಿಸಿದ ದಾಖಲೆ: ಯಂತ್ರ ನಿಲ್ಲದೆಯೂ ಲೆಕ್ಕ ತಪ್ಪುತ್ತದೆ

ಕುಮಟಾದ ಮನೆಯಲ್ಲಿ ಹಳೆಯ ತಾಳಮದ್ದಳೆ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ನಡೆಸುತ್ತಿದ್ದೇನೆ. ಅದಕ್ಕೆ ಬಳಸುವ ಲ್ಯಾಪ್‌ಟಾಪ್ ವಿಪರೀತ ಬಿಸಿಯಾಗುತ್ತಿದ್ದುದರಿಂದ ಪ್ರೊಸೆಸರಿಗೆ, ಅಂದರೆ ಲೆಕ್ಕ ಮಾಡುವ ಮುಖ್ಯ ಚಿಪ್ಪಿಗೆ, ಹೋಗುವ ವೋಲ್ಟೇಜ್ ಇಳಿಸಲು ಹೊರಟೆ; ಅದು ಇಳಿದರೆ ಬಿಸಿಯೂ ಇಳಿಯುತ್ತದೆ. ವೋಲ್ಟೇಜ್ ಇಳಿಸಿದರೆ ಹಾರ್ಡ್‌ವೇರ್ ಸುಡುವುದಿಲ್ಲ, ಹೆಚ್ಚೆಂದರೆ ಯಂತ್ರ ಒಮ್ಮೆ ನಿಂತುಹೋಗುತ್ತದೆ, ಮತ್ತೆ ಶುರು ಮಾಡಿದರೆ ಆಯಿತು ಎಂದು ಈ ಬಗ್ಗೆ ತಿಳಿದವರು ಸಾಮಾನ್ಯವಾಗಿ ಹೇಳುತ್ತಾರೆ. ಮೊದಲರ್ಧ ನಿಜ. ಎರಡನೆಯ ಅರ್ಧವನ್ನು ನಂಬಿ ಕೆಲಸ ಮಾಡಿದರೆ ಕಡತಗಳು ಸದ್ದಿಲ್ಲದೆ ಹಾಳಾಗಬಹುದು. ಇದೇ ದಾರಿಯಲ್ಲಿ ಹೊರಟವರಿಗೆ ಉಪಯೋಗವಾಗಲಿ ಎಂದು ಹಂತಗಳನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಹಂತ 1: ಯಂತ್ರ ಮತ್ತು ತೊಂದರೆ

ಹುಬ್ಬಳ್ಳಿಯಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ಪ್ರೊಸೆಸರ್ ಇಂಟೆಲ್ ಕೋರ್ ಐ7-8750ಎಚ್. ಆರು ಕೋರ್ (ಲೆಕ್ಕ ಮಾಡುವ ಘಟಕ), ಮೂಲ ವೇಗ 2.2 ಗಿಗಾಹರ್ಟ್ಸ್, ಒಂದೇ ಕೋರ್ ದುಡಿಯುವಾಗ 4.1ರವರೆಗೆ ಏರುತ್ತದೆ. 45 ವ್ಯಾಟ್‌ನದು. ತಾಪ 100 ಡಿಗ್ರಿ ಮುಟ್ಟಿದರೆ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ.

ಕ್ಯಾಸೆಟ್‌ಗಳು ಶಿರಸಿ ಕಡೆಯ ಹಳ್ಳಿಯಲ್ಲಿರುವ ಮಾವನ ಮನೆಯ ಅಟ್ಟದವು. ದೇವಿಮನೆ ಘಟ್ಟ ಇಳಿಸಿ ತಂದಾಗ ಅರ್ಧಕ್ಕರ್ಧ ಟೇಪಿಗೆ ಬೂಷ್ಟು ಹಿಡಿದಿತ್ತು. ಅದನ್ನು ಒರೆಸಿ, ಡೆಕ್‌ನಲ್ಲಿ ಓಡಿಸಿ, ಒಂದೊಂದು ಬದಿಯನ್ನೂ 24 ಬಿಟ್ ವೇವ್ ಕಡತವಾಗಿ ಉಳಿಸಿಕೊಳ್ಳುತ್ತೇನೆ. ಆಮೇಲೆ ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ಟೇಪಿನ ಸುಯ್ ಸದ್ದು ತೆಗೆಯುತ್ತೇನೆ. ಅದು ನಡೆಯುತ್ತಿರುವಾಗಲೇ ಮುಗಿದ ಬದಿಗಳನ್ನು ಪಕ್ಕದಲ್ಲಿ ಫ್ಲ್ಯಾಕ್ (ಧ್ವನಿಯಲ್ಲಿ ಏನೂ ಕಳೆಯದೆ ಕುಗ್ಗಿಸಿಡುವ ಕಡತದ ಬಗೆ) ಆಗಿ ಕುಗ್ಗಿಸುತ್ತೇನೆ. ಎರಡೂ ಒಟ್ಟಿಗೆ ನಡೆದರೆ ತಾಪ 97 ಡಿಗ್ರಿ. ಕೋಣೆಯ ಉಷ್ಣತೆ 33, ಜೊತೆಗೆ ಕಡಲ ಬದಿಯ ಜಿಗುಟು ಗಾಳಿ. ಕೀಲಿಮಣೆಯ ಎಡಭಾಗದಲ್ಲಿ ಬೆರಳಿಡುವುದು ಕಷ್ಟವಾಗಿತ್ತು.

ಹಂತ 2: ಮೊದಲು ಬಿಚ್ಚಿ ತೊಳೆದದ್ದು

ವೋಲ್ಟೇಜ್ ಮುಟ್ಟುವ ಮುನ್ನ ಇದನ್ನು ಮಾಡಲೇಬೇಕು. ಫ್ಯಾನಿಗೆ ಧೂಳು ಕಟ್ಟಿಕೊಂಡಿರುವ ಯಂತ್ರದಲ್ಲಿ ವೋಲ್ಟೇಜ್ ಇಳಿಸುವುದೆಂದರೆ ಜ್ವರದ ಕಾರಣ ನೋಡದೆ ಜ್ವರದ ಮಾತ್ರೆ ನುಂಗಿದಂತೆ.

ಬೇಕಾದದ್ದು: ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, ಸವೆದ ಎಟಿಎಂ ಕಾರ್ಡ್, ಪೇಂಟ್ ಬ್ರಷ್, ಐಸೊಪ್ರೊಪೈಲ್ ಆಲ್ಕೊಹಾಲ್, ಥರ್ಮಲ್ ಪೇಸ್ಟ್ (ಚಿಪ್ಪಿನ ಬಿಸಿಯನ್ನು ಹೀಟ್ ಸಿಂಕ್‌ಗೆ ದಾಟಿಸುವ ಲೇಪ).

ಹಿಂದಿನ ಮುಚ್ಚಳ ತೆಗೆದ ತಕ್ಷಣ ಬ್ಯಾಟರಿಯ ಕನೆಕ್ಟರ್ ಬಿಡಿಸಿದೆ. ಚಿಪ್ಪಿನ ಬಿಸಿ ಹೀರುವ ಹೀಟ್ ಸಿಂಕ್‌ನ ಸ್ಕ್ರೂಗಳ ಪಕ್ಕದಲ್ಲಿ 1, 2, 3 ಎಂದು ಅಂಕಿ ಕೊರೆದಿರುತ್ತಾರೆ. ಬಿಗಿ ಮಾಡುವಾಗ ಅದೇ ಕ್ರಮ, ಸಡಿಲಿಸುವಾಗ ಅದರ ಉಲ್ಟಾ ಕ್ರಮ ಹಿಡಿಯಬೇಕು. ಒಂದೇ ಮೂಲೆಯಿಂದ ಪೂರ್ತಿ ಬಿಗಿದರೆ ಚಿಪ್ಪಿನ ಮೇಲೆ ತಾಮ್ರದ ಹಲಗೆ ಓರೆಯಾಗಿ ಕೂರುತ್ತದೆ.

ಹಳೆಯ ಪೇಸ್ಟ್ ಒಣಗಿ ಚಿಪ್ಪಿನ ಅಂಚಿಗೆ ಸರಿದಿತ್ತು, ನಡುವೆ ಲೋಹ ಬರಿದಾಗಿ ಕಾಣುತ್ತಿತ್ತು. ಫ್ಯಾನಿನ ಗಾಳಿ ಹೊರಹೋಗುವ ರೆಕ್ಕೆಗಳ ಸಾಲಿಗೆ ಒಳಬದಿಯಿಂದ ಧೂಳು ಕಂಬಳಿಯಂತೆ ಅಂಟಿತ್ತು. ಅದನ್ನು ಎತ್ತಿದಾಗ ಒಂದೇ ತುಂಡಾಗಿ ಬಂತು. ಕೆಳಗೆ ತಾಮ್ರ ಅಲ್ಲಲ್ಲಿ ಹಸಿರುಗಟ್ಟಿತ್ತು. ಉಪ್ಪುಗಾಳಿಯ ಊರುಗಳಲ್ಲಿ ಇದು ಬಲು ಬೇಗ ಆಗುತ್ತದೆ. ಆಲ್ಕೊಹಾಲಿನಲ್ಲಿ ಅದ್ದಿದ ಬ್ರಷ್‌ನಿಂದ ಉಜ್ಜಿ ಒಣಗಿಸಿ, ಹೊಸ ಪೇಸ್ಟನ್ನು ಚಿಪ್ಪಿನ ಮೇಲೆ ಕಾರ್ಡಿನಿಂದ ತೆಳ್ಳಗೆ ಹರಡಿದೆ.

ಅದೇ ಕೆಲಸ, ಅದೇ ಕೋಣೆ: 97 ಇದ್ದದ್ದು 89 ಆಯಿತು. ಎಂಟು ಡಿಗ್ರಿ, ಯಾವ ಅಪಾಯವೂ ಇಲ್ಲದೆ. ಕೆಲವರಿಗೆ ಇಷ್ಟೇ ಸಾಕಾಗಬಹುದು, ಆಗ ಮುಂದಿನ ಹಂತಗಳ ಗೊಡವೆಯೇ ಬೇಡ. ನನ್ನದು ರಾತ್ರಿಯಿಡೀ ಓಡುವ ಕೆಲಸವಾದ್ದರಿಂದ ಇನ್ನೂ ಇಳಿಸಬೇಕೆನಿಸಿತು.

ಹಂತ 3: ಬಯೋಸ್ ಬೀಗ

ಪ್ರೊಸೆಸರಿನ ವೇಗ, ವೋಲ್ಟೇಜ್ ಹೊಂದಿಸುವ ಥ್ರಾಟಲ್‌ಸ್ಟಾಪ್ ಎಂಬ ಉಚಿತ ತಂತ್ರಾಂಶ ಹಾಕಿ, ವೋಲ್ಟೇಜ್ ಬದಲಿಸುವ ಅದರ ಎಫ್ಐವಿಆರ್ ಕಿಟಕಿ ತೆರೆದೆ. ಅಲ್ಲಿ 'ಲಾಕ್ಡ್' ಎಂದು ಕಾಣಿಸಿದರೆ ವೋಲ್ಟೇಜ್ ಮುಟ್ಟಲಾಗದು. ನನ್ನದರಲ್ಲಿ ಬೀಗವಿರಲಿಲ್ಲ, ಏಕೆಂದರೆ ಹಿಂದಿನ ಮಾಲೀಕರು ಬಯೋಸ್ (ಯಂತ್ರ ಶುರುವಾಗುವಾಗ ಓಡುವ ಮೂಲ ತಂತ್ರಾಂಶ) ನವೀಕರಿಸಿರಲಿಲ್ಲ.

ಈ ಬೀಗ ಬಂದದ್ದಕ್ಕೆ ಕಾರಣವಿದೆ, ಅದು ಈ ಬರಹದ ವಿಷಯವೇ ಆಗಿದೆ. 2019ರ ಡಿಸೆಂಬರಿನಲ್ಲಿ ಪ್ಲಂಡರ್‌ವೋಲ್ಟ್ ಎಂಬ ದೋಷ ಬಹಿರಂಗವಾಯಿತು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯ, ಆಸ್ಟ್ರಿಯಾದ ಗ್ರಾಟ್ಸ್ ತಾಂತ್ರಿಕ ವಿಶ್ವವಿದ್ಯಾಲಯ ಮತ್ತು ಬೆಲ್ಜಿಯಮ್ಮಿನ ಲ್ಯೂವೆನ್ ವಿಶ್ವವಿದ್ಯಾಲಯದ ಸಂಶೋಧಕರು ವೋಲ್ಟೇಜನ್ನು ಬೇಕೆಂದೇ ಒಂದಿಷ್ಟು ಕೆಳಗಿಳಿಸಿ, ಯಂತ್ರ ನಿಲ್ಲದಂತೆ ನೋಡಿಕೊಂಡು, ಪ್ರೊಸೆಸರ್ ಗುಣಾಕಾರವನ್ನೇ ತಪ್ಪಾಗಿ ಮಾಡುವಂತೆ ಮಾಡಿದರು. ಗೂಢಲಿಪಿಯ ಲೆಕ್ಕವನ್ನು ಹೀಗೆ ತಪ್ಪಿಸಿ, ಎಸ್‌ಜಿಎಕ್ಸ್ ಎಂಬ ಸುರಕ್ಷಿತ ಕೋಶದೊಳಗಿನ ಕೀಲಿಯನ್ನು ಹೊರತೆಗೆದು ತೋರಿಸಿದರು. ಇಂಟೆಲ್ ತಿದ್ದುಪಡಿ ಕೊಟ್ಟಿತು. ಬಯೋಸ್ ನವೀಕರಣದ ಮೂಲಕ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ವೋಲ್ಟೇಜ್ ನಿಯಂತ್ರಣ ಮುಚ್ಚಿಹೋಯಿತು.

ಆ ದಾಳಿ ಮಾಡಲು ಯಂತ್ರದ ಪೂರ್ಣ ಅಧಿಕಾರ ಬೇಕು, ನಾನು ಎಸ್‌ಜಿಎಕ್ಸ್ ಬಳಸುವುದೂ ಇಲ್ಲ. ಆದರೂ ಬಯೋಸ್ ನವೀಕರಣವನ್ನು ತಡೆದಿಟ್ಟರೆ ಅದರೊಂದಿಗೆ ಬರುವ ಉಳಿದ ಭದ್ರತಾ ತಿದ್ದುಪಡಿಗಳೂ ತಪ್ಪಿಹೋಗುತ್ತವೆ. ಹಾಗಾಗಿ ಈ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದಿಲ್ಲ, ಇಂಟರ್ನೆಟ್ ಸಂಪರ್ಕವನ್ನೂ ಕಡಿದಿದ್ದೇನೆ. ದಿನಬಳಕೆಯ ಯಂತ್ರವಾಗಿದ್ದರೆ ಬಯೋಸ್ ನವೀಕರಿಸಿ, ವೋಲ್ಟೇಜಿನ ಆಸೆ ಬಿಡುತ್ತಿದ್ದೆ.

ಹಂತ 4: ಇಳಿಸುವ ಮೊದಲಿನ ಸಿದ್ಧತೆ

ಮೂಲ ವೇವ್ ಕಡತಗಳಿರುವ ಹೊರ ಹಾರ್ಡ್‌ಡಿಸ್ಕನ್ನು ಕಿತ್ತು ಕಪಾಟಿನಲ್ಲಿಟ್ಟೆ. ಪರೀಕ್ಷೆ ಮುಗಿಯುವವರೆಗೆ ಅದನ್ನು ಈ ಯಂತ್ರಕ್ಕೆ ಹಚ್ಚಲಿಲ್ಲ. ಲೆಕ್ಕ ತಪ್ಪುವ ಪ್ರೊಸೆಸರ್ ಡಿಸ್ಕಿಗೆ ಏನು ಬರೆಯುತ್ತದೆಯೋ ಹೇಳಲಾಗದು. ಕೆಲಸಕ್ಕೆ ಪ್ರತಿಗಳನ್ನು ಮಾತ್ರ ಬಳಸಿದೆ.

ಮೆಮ್‌ಟೆಸ್ಟ್86 ಅನ್ನು ರಾತ್ರಿಯಿಡೀ ಓಡಿಸಿ ರ್‍ಯಾಮ್ ಸರಿಯಿದೆಯೆಂದು ಖಚಿತಪಡಿಸಿಕೊಂಡೆ. ಇದಿಲ್ಲದಿದ್ದರೆ ಮುಂದೆ ತಪ್ಪು ಕಂಡಾಗ ದೋಷ ಯಾರದೆಂದು ತಿಳಿಯುವುದೇ ಇಲ್ಲ.

ಥ್ರಾಟಲ್‌ಸ್ಟಾಪಿನಲ್ಲಿ ವೋಲ್ಟೇಜನ್ನು ತಕ್ಷಣ ಉಳಿಸಬೇಡ ಎಂಬ ಆಯ್ಕೆಯಿದೆ. ಅದನ್ನೇ ಆರಿಸಿದೆ. ಹೀಗೆ ಮಾಡಿದರೆ ಯಂತ್ರ ನಿಂತಾಗ ಪವರ್ ಬಟನ್ ಒತ್ತಿ ಹಿಡಿದು ಪೂರ್ತಿ ಆರಿಸಿ ಮತ್ತೆ ಶುರು ಮಾಡಿದರೆ ಹಳೆಯ ವೋಲ್ಟೇಜೇ ಬರುತ್ತದೆ. ವಿಂಡೋಸ್ ಜೊತೆಗೇ ತಾನಾಗಿ ಶುರುವಾಗುವಂತೆ ಮೊದಲ ದಿನವೇ ಇಟ್ಟುಬಿಟ್ಟರೆ, ಪ್ರತಿ ಸಲವೂ ಪರದೆ ಬರುವಷ್ಟರಲ್ಲಿ ನಿಂತುಹೋಗುವ ಸುಳಿಗೆ ಸಿಲುಕಬಹುದು. ಆಗ ಸೇಫ್ ಮೋಡ್‌ಗೆ ಹೋಗಿ ಥ್ರಾಟಲ್‌ಸ್ಟಾಪಿನ ಐಎನ್ಐ ಕಡತ ಅಳಿಸಬೇಕು.

ಹಂತ 5: ಇಳಿಸುತ್ತಾ ಹೋದದ್ದು

ಸಿಪಿಯು ಕೋರ್ ಮತ್ತು ಸಿಪಿಯು ಕ್ಯಾಶ್ ಎರಡಕ್ಕೂ ಕಡಿತದ ಒಂದೇ ಅಂಕಿ ಕೊಟ್ಟೆ. ಗ್ರಾಫಿಕ್ಸ್ ಹಾಗೂ ಸಿಸ್ಟಮ್ ಏಜೆಂಟ್ ಸಾಲುಗಳನ್ನು ಮುಟ್ಟಲಿಲ್ಲ. ಒಂದೊಂದು ಮೆಟ್ಟಿಲಿನಲ್ಲೂ ಭಾರೀ ಲೆಕ್ಕಗಳಿಂದ ಪ್ರೊಸೆಸರನ್ನು ದುಡಿಸುವ ಪ್ರೈಮ್95 ತಂತ್ರಾಂಶದ ಸ್ಮಾಲ್ ಎಫ್ಎಫ್‌ಟಿ ಪರೀಕ್ಷೆಯನ್ನು ಎಲ್ಲ ಕೋರ್‌ಗಳ ಮೇಲೆ ಓಡಿಸಿದೆ. ಪಕ್ಕದಲ್ಲಿ ಯಂತ್ರದ ಸ್ಥಿತಿ ತೋರಿಸುವ ಎಚ್‌ಡಬ್ಲ್ಯುಇನ್ಫೋ ತೆರೆದಿಟ್ಟು, ಅದರ ಕೊನೆಯಲ್ಲಿ ಬರುವ ಹಾರ್ಡ್‌ವೇರ್ ದೋಷಗಳ ಸಾಲನ್ನು ನೋಡುತ್ತಿದ್ದೆ. ತಾಪದ ಅಂಕಿಗಳು ಮಾತ್ರ ಕ್ಯಾಸೆಟ್ ಕೆಲಸದವು.

ಮೈನಸ್ 50 ಮಿಲಿವೋಲ್ಟ್: 85 ಡಿಗ್ರಿ, ತೊಂದರೆಯಿಲ್ಲ.
ಮೈನಸ್ 80: 82 ಡಿಗ್ರಿ, ತೊಂದರೆಯಿಲ್ಲ.
ಮೈನಸ್ 95: 80 ಡಿಗ್ರಿ, ತೊಂದರೆಯಿಲ್ಲ.
ಮೈನಸ್ 110: 79 ಡಿಗ್ರಿ, ಪ್ರೈಮ್95 ರಾತ್ರಿಯಿಡೀ ಓಡಿತು.
ಮೈನಸ್ 125: ಅಪ್ಲೈ ಒತ್ತಿದ ಸ್ವಲ್ಪ ಹೊತ್ತಿಗೆ ನೀಲಿ ಪರದೆ.

ವಿದ್ಯುತ್ ಬಳಕೆ ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ಅನುಗುಣವಾಗಿ ಇಳಿಯುವುದರಿಂದ ಅಲ್ಪ ಇಳಿಕೆಗೇ ಒಳ್ಳೆಯ ಫಲ ಸಿಗುತ್ತದೆ. 1.00 ವೋಲ್ಟ್ ಇದ್ದದ್ದು 0.92 ಆದರೆ ಅದೇ ವೇಗದಲ್ಲಿ ಸುಮಾರು 15 ಪ್ರತಿಶತ ಉಳಿತಾಯ. ಆದರೆ ಮೇಲಿನ ಪಟ್ಟಿ ನೋಡಿ: 80ರಿಂದ 110ಕ್ಕೆ ಇಳಿದಾಗ ಸಿಕ್ಕಿದ್ದು ಮೂರೇ ಡಿಗ್ರಿ. ಅಪಾಯವೆಲ್ಲ ಇದ್ದದ್ದು ಆ ಮೂರು ಡಿಗ್ರಿಯಲ್ಲೇ.

ಹಂತ 6: ಸುಮ್ಮನಿದ್ದಾಗ ನಿಂತ ಯಂತ್ರ

ಮೈನಸ್ 110ರಲ್ಲಿ ರಾತ್ರಿಯಿಡೀ ದುಡಿದ ಯಂತ್ರ, ಬೆಳಿಗ್ಗೆ ಪರೀಕ್ಷೆ ನಿಲ್ಲಿಸಿ ಒಂದು ಫೋಲ್ಡರ್ ತೆರೆಯುವಾಗ ಮೌಸ್ ಸಮೇತ ಸ್ತಬ್ಧವಾಯಿತು. ಮತ್ತೆ ಶುರು ಮಾಡಿ, ವಿಂಡೋಸ್ ತನ್ನ ಘಟನೆಗಳನ್ನು ಬರೆದಿಡುವ ಈವೆಂಟ್ ವ್ಯೂವರ್ ನೋಡಿದರೆ, ಕರ್ನಲ್ ಪವರ್ 41 ಎಂಬ ಸಾಮಾನ್ಯ ನಮೂದಿನ ಜೊತೆಗೆ ಡಬ್ಲ್ಯುಎಚ್ಇಎ ಲಾಗರ್‌ನ 19ನೇ ಸಂಖ್ಯೆಯ ನಮೂದುಗಳೂ ಇದ್ದವು. ಹಾರ್ಡ್‌ವೇರಿನಲ್ಲಿ ತಪ್ಪಾಗಿದೆ, ಸರಿಪಡಿಸಿಕೊಂಡಿದ್ದೇನೆ ಎಂದು ಪ್ರೊಸೆಸರೇ ಬರೆದಿಟ್ಟ ಮಾತು ಅದು. ಈ ನಮೂದು ಒಂದು ಕಂಡರೂ ಆ ವೋಲ್ಟೇಜ್ ಸಲ್ಲದು.

ಭಾರದ ಪರೀಕ್ಷೆ ಪಾಸಾದ ಯಂತ್ರ ಹಗುರ ಕೆಲಸದಲ್ಲಿ ಏಕೆ ಬಿತ್ತು? ಎಲ್ಲ ಕೋರ್‌ಗಳೂ ದುಡಿಯುವಾಗ 45 ವ್ಯಾಟ್ ಮಿತಿ ಅಡ್ಡಬಂದು ವೇಗ 3 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ನಿಲ್ಲುತ್ತದೆ. ರಾತ್ರಿಯಿಡೀ ಪರೀಕ್ಷೆಯಾದದ್ದು ಆ ವೇಗಕ್ಕೆ ಬೇಕಾದ ವೋಲ್ಟೇಜ್ ಮಾತ್ರ. ಫೋಲ್ಡರ್ ತೆರೆದಾಗ ಒಂದು ಕೋರ್ ಕ್ಷಣಮಾತ್ರ 4.1ಕ್ಕೆ ಜಿಗಿಯುತ್ತದೆ, ಅಲ್ಲಿಗೆ ಬೇಕಾಗುವ ವೋಲ್ಟೇಜೇ ಎಲ್ಲಕ್ಕಿಂತ ಹೆಚ್ಚು. ಅತ್ತ ನಿದ್ರಾವಸ್ಥೆಯ ಕಡಿಮೆ ವೇಗದಲ್ಲೂ ಅದೇ ಕಡಿತ ಅನ್ವಯವಾಗುತ್ತದೆ. ಕರೆಂಟ್ ಹೋಗಿ ಬ್ಯಾಟರಿಗೆ ತಿರುಗುವ ಕ್ಷಣ, ಮುಚ್ಚಳ ತೆರೆದು ಎಬ್ಬಿಸುವ ಕ್ಷಣ, ಇಂಥ ಜಿಗಿತಗಳೆಲ್ಲ ಎಲ್ಲ ಕೋರ್‌ಗಳ ಭಾರದ ಪರೀಕ್ಷೆಯ ಕೈಗೆ ಸಿಗುವುದಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗಿ ಬರುವುದಕ್ಕೆ ಲೆಕ್ಕವಿಲ್ಲ, ಹಾಗಾಗಿ ಇದು ಸಣ್ಣ ವಿಷಯವಲ್ಲ.

ಮೈನಸ್ 95ಕ್ಕೆ ಹಿಂದೆ ಬಂದೆ. ನಿಲ್ಲುವುದು ನಿಂತಿತು. 19ನೇ ಸಂಖ್ಯೆಯ ನಮೂದೂ ಬರಲಿಲ್ಲ. ಎಷ್ಟೋ ಬರಹಗಳು ಇಲ್ಲಿಗೆ 'ಸ್ಥಿರವಾಯಿತು' ಎಂದು ಮುಗಿಯುತ್ತವೆ.

ಹಂತ 7: ಟೇಪಿನಲ್ಲಿ ಇಲ್ಲದ ಸದ್ದು

ಸುಯ್ ಸದ್ದು ತೆಗೆದ ಕೆಲವು ಬದಿಗಳನ್ನು ಮಾವನಿಗೆ ಪೆನ್‌ಡ್ರೈವ್‌ನಲ್ಲಿ ಕಳಿಸಿದ್ದೆ. ಅವರು ಫೋನ್ ಮಾಡಿ, "ಭಾಗವತರು ಆಲಾಪ ತೆಗೆದಲ್ಲಿ ನಡುವೆ ಟಕ್ ಎನ್ನುತ್ತದಲ್ಲ, ಮೂಲದಲ್ಲಿ ಹಾಗಿಲ್ಲ ತಮ್ಮಾ," ಎಂದರು. ಈ ಕ್ಯಾಸೆಟ್‌ಗಳನ್ನು ವರ್ಷಗಟ್ಟಲೆ ಕೇಳಿದ ಕಿವಿ ಅದು. ನಾನು ಹೆಡ್‌ಫೋನ್ ಹಾಕಿ ಕೇಳಿದೆ. ನಿಜ. ಆಲಾಪ ಮೇಲಿನ ಷಡ್ಜಕ್ಕೆ ತಲುಪುವ ಹೊತ್ತಿಗೆ ಉಗುರಿನಿಂದ ಮೈಕ್ ತಟ್ಟಿದಂಥ ಒಂದು ಸಣ್ಣ ಸದ್ದು. ಅಲೆಯ ಚಿತ್ರವನ್ನು ಹಿಗ್ಗಿಸಿ ನೋಡಿದರೆ, ನಯವಾಗಿ ಏರಿಳಿಯುವ ಗೆರೆಯ ನಡುವೆ ಒಂದು ತುಣುಕು ಮಾತ್ರ ಸೂಜಿಯಂತೆ ಎದ್ದಿತ್ತು. ಕಪಾಟಿನ ಡಿಸ್ಕಿನ ಮೂಲ ವೇವ್ ಕಡತವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ಅಲ್ಲಿ ಅದು ಇರಲಿಲ್ಲ.

ಅದೇ ಬದಿಗೆ ಅದೇ ಸೆಟ್ಟಿಂಗ್‌ನಲ್ಲಿ ಮತ್ತೆ ಸುಯ್ ತೆಗೆಸಿದೆ. ಈ ಸಲ ಆ ಜಾಗ ಸ್ವಚ್ಛ. ಯಂತ್ರ ನಿಂತಿರಲಿಲ್ಲ, ಈವೆಂಟ್ ವ್ಯೂವರ್‌ನಲ್ಲಿ ಒಂದಕ್ಷರವೂ ಇರಲಿಲ್ಲ. ಒಂದು ಲೆಕ್ಕ ತಪ್ಪಿತ್ತು, ಯಾರಿಗೂ ಗೊತ್ತಾಗಿರಲಿಲ್ಲ.

ಆಡಾಸಿಟಿಯ ಈ ಕೆಲಸ ಹೆಚ್ಚಾಗಿ ಒಂದೇ ಕೋರ್ ಮೇಲೆ ನಡೆಯುತ್ತದೆ. ಫ್ಲ್ಯಾಕ್ ಸರದಿ ಮುಗಿದು ಅದೊಂದೇ ಉಳಿದಾಗ ಆ ಕೋರ್ 4.1ರಲ್ಲಿ ಓಡುತ್ತಿರುತ್ತದೆ. ಎಲ್ಲ ಕೋರ್‌ಗಳ ಪರೀಕ್ಷೆ ಮುಟ್ಟದೆ ಬಿಟ್ಟ ಜಾಗದಲ್ಲೇ ತಪ್ಪು ನಡೆದಿತ್ತು.

ಧ್ವನಿಯಾದ್ದರಿಂದ ಕಿವಿಗೆ ಸಿಕ್ಕಿತು. ಇದೇ ತಪ್ಪು ಅಡಿಕೆ ವ್ಯಾಪಾರದ ಲೆಕ್ಕದ ಕಡತದಲ್ಲೋ, ಜಮೀನಿನ ನಕ್ಷೆಯಲ್ಲೋ, ಮಗುವಿನ ಫೋಟೋಗಳ ಬ್ಯಾಕಪ್‌ನಲ್ಲೋ ಆಗಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಹಾಳಾದ ಬ್ಯಾಕಪ್‌ನಿಂದ ಮುಂದಿನ ಬ್ಯಾಕಪ್, ಅದರಿಂದ ಇನ್ನೊಂದು. ನನಗೆ ನೀಲಿ ಪರದೆಗಿಂತ ಇದರ ಭಯವೇ ಹೆಚ್ಚು. ಯಂತ್ರ ನಿಂತರೆ ಕನಿಷ್ಠ ಎಚ್ಚರಿಕೆಯಾದರೂ ಸಿಕ್ಕಿತು.

ಹಂತ 8: ಪರೀಕ್ಷೆಯ ಕ್ರಮ ಬದಲಿಸಿದ್ದು

ಯಂತ್ರ ನಿಲ್ಲುತ್ತದೆಯೇ ಎಂದು ನೋಡುವುದನ್ನು ಬಿಟ್ಟು, ಉತ್ತರ ಸರಿಯೇ ಎಂದು ನೋಡುವ ಪರೀಕ್ಷೆಗಳನ್ನು ಕಟ್ಟಿಕೊಂಡೆ.

ಒಂದು, ಫ್ಲ್ಯಾಕ್. ಕುಗ್ಗಿಸುವಾಗ ವೆರಿಫೈ ಆಯ್ಕೆ ಕೊಟ್ಟರೆ, ಅಂದರೆ ಹೈಫನ್ ಹಾಕಿ ದೊಡ್ಡಕ್ಷರದ ವಿ ಬರೆದರೆ, ಕುಗ್ಗಿಸಿದ್ದನ್ನು ಅಲ್ಲಿಂದಲ್ಲೇ ಬಿಚ್ಚಿ ಮೂಲದೊಂದಿಗೆ ಹೋಲಿಸುತ್ತದೆ. ಫ್ಲ್ಯಾಕ್ ಕಡತದ ತಲೆಯಲ್ಲಿ ಮೂಲ ಧ್ವನಿಯ ಎಂಡಿ5 ಮೊತ್ತವೂ (ಬೆರಳಚ್ಚಿನಂಥ ಗುರುತಿನ ಅಂಕಿ) ಇರುತ್ತದೆ, ಆದ್ದರಿಂದ ಮುಂದೆ ಎಂದಾದರೂ ಬೇರೆ ಯಂತ್ರದಲ್ಲಿ ತಾಳೆ ನೋಡಬಹುದು. ಮೈನಸ್ 95ರಲ್ಲಿ ಈ ವೆರಿಫೈ ಸೋತಿತು. ಅದೇ ಕಡತ ಮೂಲ ವೋಲ್ಟೇಜಿನಲ್ಲಿ ಮತ್ತೆ ಮತ್ತೆ ಪಾಸಾಯಿತು. ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಎರಡು, ಒಂದೇ ಕೆಲಸವನ್ನು ಎರಡು ಸಲ ಮಾಡಿ ಹೋಲಿಸುವುದು. ಆಡಾಸಿಟಿಯ ಫಲಿತವನ್ನು ಉಳಿಸಿ, ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್‌ನಿಂದ ಎಸ್ಎಚ್ಎ256 ಎಂಬ ಅಂಥದೇ ಇನ್ನೊಂದು ಬಗೆಯ ಮೊತ್ತ ತೆಗೆದೆ. ಎರಡೂ ಮೊತ್ತ ಒಂದೇ ಇರಬೇಕು. ಇಲ್ಲೊಂದು ಗಂಟಿದೆ: ಆಡಾಸಿಟಿ ಕಡತ ಉಳಿಸುವಾಗ ಡಿದರ್ ಎಂಬ ಅತಿಸಣ್ಣ ಯಾದೃಚ್ಛಿಕ ಸದ್ದು ಸೇರಿಸುತ್ತದೆ, ಅದಿದ್ದರೆ ಪ್ರತಿ ಸಲವೂ ಮೊತ್ತ ಬೇರೆಯೇ ಬರುತ್ತದೆ. ಪ್ರಿಫರೆನ್ಸಸ್‌ನಲ್ಲಿ ಡಿದರ್ ಅನ್ನು 'ನನ್' (ಬೇಡ) ಎಂದು ಇಟ್ಟ ಮೇಲಷ್ಟೇ ಈ ಹೋಲಿಕೆಗೆ ಅರ್ಥವಿದೆ.

ಮೂರು, ಒಂದೊಂದೇ ಕೋರ್. ಪ್ರೈಮ್95 ಅನ್ನು ಒಂದೇ ಎಳೆಯಲ್ಲಿ ಓಡಿಸಿ, ಟಾಸ್ಕ್ ಮ್ಯಾನೇಜರ್‌ನ ಅಫಿನಿಟಿಯಿಂದ ಅದನ್ನು ಒಂದು ಕೋರ್‌ಗೆ ಕಟ್ಟಿಹಾಕಿ, ಸರದಿಯಂತೆ ಆರೂ ಕೋರ್‌ಗಳಲ್ಲಿ ಓಡಿಸಿದೆ. ಮೈನಸ್ 95ರಲ್ಲಿ ನಾಲ್ಕನೆಯ ಕೋರ್ ಲೆಕ್ಕ ತಪ್ಪಿತು, ಉಳಿದ ಐದು ತಪ್ಪಲಿಲ್ಲ. ಒಂದೇ ಚಿಪ್ಪಿನ ಕೋರ್‌ಗಳಲ್ಲೂ ಬಲ ಒಂದೇ ಇರುವುದಿಲ್ಲ, ಎಲ್ಲಕ್ಕಿಂತ ದುರ್ಬಲವಾದದ್ದೇ ಮಿತಿಯನ್ನು ನಿರ್ಧರಿಸುತ್ತದೆ. ಬೇರೆಯವರು ತಮ್ಮ 8750ಎಚ್ ಇಷ್ಟು ಮಿಲಿವೋಲ್ಟ್ ತಾಳಿತು ಎಂದು ಬರೆದ ಅಂಕಿಯನ್ನು ನಮ್ಮ ಯಂತ್ರಕ್ಕೆ ಹಾಕುವುದು ಇದೇ ಕಾರಣಕ್ಕೆ ಸಲ್ಲದು.

ಮೈನಸ್ 80ರಲ್ಲಿ ಮೂರೂ ಪರೀಕ್ಷೆ ಪಾಸಾದವು. ಆದರೂ ಅಲ್ಲಿ ನಿಲ್ಲಲಿಲ್ಲ. ತಯಾರಕರು ಇಟ್ಟಿರುವ ಹೆಚ್ಚುವರಿ ವೋಲ್ಟೇಜ್ ಪೋಲಲ್ಲ. ಸೆಖೆಗೆ, ಚಾರ್ಜರಿನ ಏರಿಳಿತಕ್ಕೆ, ವರ್ಷ ಕಳೆದಂತೆ ಚಿಪ್ ಸವೆದು ಹೆಚ್ಚು ವೋಲ್ಟೇಜ್ ಬೇಡುವುದಕ್ಕೆ ಅದು ಮೀಸಲು. ಈ ಯಂತ್ರವೋ ಆಗಲೇ ಹಳತು. ಇಪ್ಪತ್ತು ಮಿಲಿವೋಲ್ಟ್ ಮರಳಿಸಿ ಮೈನಸ್ 60ಕ್ಕೆ ಇಟ್ಟೆ.

ಹಂತ 9: ಉಳಿದ ತಾಪವನ್ನು ಬೇರೆ ದಾರಿಯಿಂದ

ಲೆಕ್ಕ ತಪ್ಪಿಸದೆ ತಂಪು ಮಾಡುವ ದಾರಿಗಳೂ ಥ್ರಾಟಲ್‌ಸ್ಟಾಪಿನಲ್ಲೇ ಇವೆ. ಇವನ್ನು ನಾನು ಮೊದಲೇ ಆರಿಸಬಹುದಿತ್ತು, ಈಗ ಯಾರು ಕೇಳಿದರೂ ಇವನ್ನೇ ಮೊದಲು ಹೇಳುತ್ತೇನೆ. ದೀರ್ಘಾವಧಿ ವಿದ್ಯುತ್ ಮಿತಿ, ಅಂದರೆ ಪಿಎಲ್1 ಅನ್ನು 45ರಿಂದ 35 ವ್ಯಾಟ್‌ಗೆ ಇಳಿಸಿದೆ. ಟರ್ಬೊ ಅನುಪಾತವನ್ನು 41ರಿಂದ 38ಕ್ಕೆ ತಂದೆ, ಅಂದರೆ ಗರಿಷ್ಠ 3.8 ಗಿಗಾಹರ್ಟ್ಸ್. ವೇಗ ಕಡಿಮೆಯಾದರೆ ಪ್ರೊಸೆಸರ್ ತಾನಾಗಿ ಕಡಿಮೆ ವೋಲ್ಟೇಜ್ ಕೇಳುತ್ತದೆ, ತಯಾರಕರು ಅಳೆದಿಟ್ಟ ಅಂತರ ಹಾಗೆಯೇ ಉಳಿಯುತ್ತದೆ.

ಒಟ್ಟು ಫಲ: ಅದೇ ಕೆಲಸಕ್ಕೆ 77 ಡಿಗ್ರಿ. 45 ನಿಮಿಷದ ಒಂದು ಬದಿಯ ಕೆಲಸ ಮುಗಿಯಲು ಮೊದಲಿಗಿಂತ ಒಂದು ನಿಮಿಷ ಹೆಚ್ಚು ಹಿಡಿಯುತ್ತದೆ. ರಾತ್ರಿ ಹಾಕಿ ಮಲಗುವ ಕೆಲಸಕ್ಕೆ ಅದೇನೂ ಹೊರೆಯಲ್ಲ. ಮೈನಸ್ 60 ಅನ್ನೂ ತೆಗೆದು, ಮಿತಿಗಳನ್ನು ಮಾತ್ರ ಉಳಿಸಿ ಅಳೆದಾಗ 80 ಡಿಗ್ರಿ ಬಂತು. ಆ ಮೂರು ಡಿಗ್ರಿಗಾಗಿ ವೋಲ್ಟೇಜ್ ಇಳಿಸಿಟ್ಟುಕೊಳ್ಳಬೇಕೇ ಎಂಬುದು ಅವರವರ ಕೆಲಸಕ್ಕೆ ಬಿಟ್ಟದ್ದು. ನಾನು ಸುಯ್ ತೆಗೆಯುವಾಗ ಇಟ್ಟುಕೊಳ್ಳುತ್ತೇನೆ. ಮೂಲ ಟೇಪನ್ನು ಡೆಕ್‌ನಿಂದ ಇಳಿಸಿಕೊಳ್ಳುವಾಗ ಮತ್ತು ಡಿಸ್ಕಿನಿಂದ ಡಿಸ್ಕಿಗೆ ಪ್ರತಿ ಮಾಡುವಾಗ ಸೊನ್ನೆಗೆ ತರುತ್ತೇನೆ. ಬೂಷ್ಟು ಹಿಡಿದ ಟೇಪು ಇನ್ನೊಮ್ಮೆ ಓಡುತ್ತದೆಂಬ ಭರವಸೆಯಿಲ್ಲ.

ಖರ್ಚು: ಥರ್ಮಲ್ ಪೇಸ್ಟ್ 4 ಗ್ರಾಂ 550 ರೂಪಾಯಿ, ಆಲ್ಕೊಹಾಲ್ 160, ಬ್ರಷ್ 40. ಒಟ್ಟು 750. ತಂತ್ರಾಂಶಗಳೆಲ್ಲ ಉಚಿತ.

ಬಾಕಿ ಕೆಲಸ: ಮೈನಸ್ 95ರಲ್ಲಿದ್ದಾಗ ಸುಯ್ ತೆಗೆದ ಬದಿಗಳನ್ನೆಲ್ಲ ಅಳಿಸಿದ್ದೇನೆ, ಮೂಲದಿಂದ ಮತ್ತೆ ಮಾಡಿಸುತ್ತಿದ್ದೇನೆ. ಆ ಅವಧಿಯಲ್ಲಿ ಡಿಸ್ಕಿಗೆ ಬರೆದ ಯಾವುದನ್ನೂ ನಂಬುವಂತಿಲ್ಲವಾದ್ದರಿಂದ ವಿಂಡೋಸನ್ನೂ ಹೊಸದಾಗಿ ಹಾಕಿದೆ. ಮಾವನಿಗೆ ಕಳಿಸಿದ್ದ ಪೆನ್‌ಡ್ರೈವ್ ವಾಪಸು ತರಿಸಬೇಕು. ಮಾರ್ಚ್–ಏಪ್ರಿಲ್‌ನ ಸೆಖೆ ಬಂದಾಗ ಫ್ಲ್ಯಾಕ್ ವೆರಿಫೈ ಮತ್ತು ಒಂದೊಂದು ಕೋರ್‌ನ ಪರೀಕ್ಷೆಗಳನ್ನು ಇನ್ನೊಮ್ಮೆ ಓಡಿಸುತ್ತೇನೆ. ಆಗ ಯಾವುದಾದರೂ ಸೋತರೆ ಮೈನಸ್ 60 ಕೂಡ ಹೋಗುತ್ತದೆ.